ಮೂರನೆಯವನ ಒಂದು ಅಂಕ

ಮೊದಲು ಒಂದು ನಿಮಿಷದ ಲೆಕ್ಕ ಹೇಳಿಬಿಡುತ್ತೇನೆ. ನಾಲ್ಕು ಬೈಕು, ನಾಲ್ಕು ಜನ ಸವಾರರು, ನಾಲ್ಕು ಸುತ್ತು. ಸಡಿಲ ಮಣ್ಣು ಹಾಸಿದ ಅಂಡಾಕಾರದ ಟ್ರ್ಯಾಕ್. ತಿರುವೆಲ್ಲ ಎಡಕ್ಕೇ. ಸುಮಾರು ಒಂದು ನಿಮಿಷದಲ್ಲಿ ಎಲ್ಲ ಮುಗಿದುಹೋಗುತ್ತದೆ. ಮೊದಲು ಬಂದವನಿಗೆ 3 ಅಂಕ, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. ಇದಕ್ಕೆ ಒಂದು ಹೀಟ್ ಅನ್ನುತ್ತಾರೆ. ಇಂಥ ಇಪ್ಪತ್ತು ಹೀಟ್ ಸೇರಿದರೆ ಒಂದು ಸಂಜೆ. ಆ ಸಂಜೆ ಮುಗಿದಾಗ ಒಂದು ದೇಶ ವಿಶ್ವ ಚಾಂಪಿಯನ್ ಆಗಿರುತ್ತದೆ.

ಸ್ಪೀಡ್‌ವೇ ತಂಡಗಳ ವಿಶ್ವ ಚಾಂಪಿಯನ್‌ಷಿಪ್ ಬಗ್ಗೆ ಇವತ್ತು ಮಾತಾಡುತ್ತೇನೆ. ಗೆದ್ದವರ ಪಟ್ಟಿ ಓದುವುದಾದರೆ ಹತ್ತು ನಿಮಿಷ ಸಾಕು. ಅದಕ್ಕಾಗಿ ನೀವು ಇಲ್ಲಿಗೆ ಬರಬೇಕಿರಲಿಲ್ಲ. ನನಗೆ ಹೇಳಬೇಕಾಗಿರುವುದು ಆ ಮೂರನೆಯವನ ಬಗ್ಗೆ. ಅವನಿಗೆ ಚಪ್ಪಾಳೆ ಇಲ್ಲ, ಪೇಪರಿನಲ್ಲಿ ಫೋಟೊ ಇಲ್ಲ. ಸಿಗುವುದು ಒಂದೇ ಒಂದು ಅಂಕ. ಆದರೆ ಈ ಕಪ್ಪಿನ ಅರವತ್ತು ಚಿಲ್ಲರೆ ವರ್ಷಗಳ ಕಥೆಯನ್ನು ಅವನ ಕಡೆಯಿಂದ ನೋಡಿದರೆ ಆಟವೇ ಬೇರೆಯಾಗಿ ಕಾಣುತ್ತದೆ.

ಬೈಕಿನಿಂದ ಶುರು ಮಾಡೋಣ. 500 ಸಿಸಿ, ಒಂದೇ ಸಿಲಿಂಡರ್. ಪೆಟ್ರೋಲ್ ಅಲ್ಲ, ಮೆಥನಾಲ್ ಹಾಕುತ್ತಾರೆ. ಗೇರ್ ಒಂದೇ. ಬ್ರೇಕ್ ಇಲ್ಲ. ಹೌದು, ಬ್ರೇಕ್ ಇಲ್ಲವೇ ಇಲ್ಲ, ಮುಂದೂ ಇಲ್ಲ, ಹಿಂದೂ ಇಲ್ಲ. ಕೇಳಿದಾಗ ಹುಚ್ಚು ಅನಿಸುತ್ತದೆ, ಅಲ್ವಾ? ಸ್ವಲ್ಪ ಯೋಚಿಸಿ. ನಿಮ್ಮ ಮುಂದೆ ಎರಡು ಅಡಿ ದೂರದಲ್ಲಿ ಇನ್ನೊಬ್ಬ ಹೋಗುತ್ತಿದ್ದಾನೆ. ಅವನು ತಟ್ಟನೆ ಬ್ರೇಕ್ ಹಾಕಿದರೆ ನೀವು ನೇರವಾಗಿ ಅವನ ಬೆನ್ನಿಗೆ. ಯಾರ ಹತ್ತಿರವೂ ಬ್ರೇಕ್ ಇಲ್ಲದಿದ್ದರೆ ಆ ಭಯ ಇಲ್ಲ. ಎಲ್ಲರೂ ಒಂದೇ ಥರ ಹೋಗಬೇಕು.

ಹಾಗಾದರೆ ತಿರುವಿನಲ್ಲಿ ಏನು ಮಾಡುತ್ತಾರೆ? ಹಿಂದಿನ ಚಕ್ರವನ್ನು ಬೇಕಂತಲೇ ಜಾರಿಸುತ್ತಾರೆ. ಬೈಕು ಎಡಕ್ಕೆ ತಿರುಗುತ್ತಿರುತ್ತದೆ, ಹ್ಯಾಂಡಲ್ ಬಲಕ್ಕೆ ತಿರುಗಿರುತ್ತದೆ. ಎಡಗಾಲಿನ ಬೂಟಿನ ಅಡಿ ಒಂದು ಉಕ್ಕಿನ ತಟ್ಟೆ ಕಟ್ಟಿರುತ್ತಾರೆ. ಆ ಕಾಲು ಮಣ್ಣಿನ ಮೇಲೆ ಸವರಿಕೊಂಡು ಹೋಗುತ್ತದೆ. ಬಲಗೈ ಮಾತ್ರ ಆಕ್ಸಿಲರೇಟರ್ ಬಿಡುವುದಿಲ್ಲ. ಬಿಟ್ಟರೆ ಜಾರುವುದು ನಿಲ್ಲುತ್ತದೆ. ಜಾರುವುದು ನಿಂತರೆ ಬೈಕು ನೇರವಾಗಿ ಬೇಲಿಯ ಕಡೆಗೆ ಹೋಗುತ್ತದೆ. ಭಯವಾದಾಗ ಕೈ ಬಿಡಬಾರದು, ಇನ್ನಷ್ಟು ತಿರುಗಿಸಬೇಕು. ಹೊಸಬರಿಗೆ ಅತಿ ಕಷ್ಟದ ಪಾಠ ಇದು.

ಇನ್ನು ಆ ಮೂರನೆಯವನ ಕಣ್ಣಿಗೆ ಏನು ಕಾಣುತ್ತದೆ ಅಂತ ನೋಡಿ. ಮುಂದೆ ಎರಡು ಬೈಕು. ಎರಡರ ಹಿಂದಿನ ಚಕ್ರವೂ ಮಣ್ಣನ್ನು ಬಾಚಿ ಬಾಚಿ ಎಸೆಯುತ್ತಿರುತ್ತವೆ. ಚಕ್ರದ ಹಿಂದೆ ಮಣ್ಣು ತಡೆಯುವ ಹಲಗೆ ಇರುತ್ತದೆ, ಇದ್ದರೂ ಮುಖಕ್ಕೆ ಬೀಳುವುದು ತಪ್ಪುವುದಿಲ್ಲ. ಕನ್ನಡಕದ ಮೇಲೆ ತೆಳ್ಳನೆಯ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿಕೊಂಡಿರುತ್ತಾರೆ. ಮಣ್ಣು ತುಂಬಿದಾಗ ಒಂದು ಹಾಳೆ ಕಿತ್ತು ಎಸೆಯಬೇಕು. ನೇರ ಹಾದಿಯಲ್ಲಿ ಎಡಗೈ ಒಂದು ಕ್ಷಣ ಬಿಡುವಾದಾಗ ಅದನ್ನು ಮಾಡಬೇಕು. ಅಷ್ಟು ಹೊತ್ತಿಗೆ ಮುಂದಿನ ತಿರುವು ಬಂದಿರುತ್ತದೆ. ಮೊದಲನೆಯವನು ಸ್ವಚ್ಛ ಗಾಳಿಯಲ್ಲಿ ಹೋಗುತ್ತಾನೆ. ಮೂರನೆಯವನು ಇಬ್ಬರ ಮಣ್ಣು ತಿಂದುಕೊಂಡು ಹೋಗುತ್ತಾನೆ. ಹಾಗೆ ಹೋಗಿ ತರುವುದು ಒಂದು ಅಂಕ.

ಅಂಕಗಳ ಮಾತು ಬಂತಲ್ಲ, ಒಂದು ಹಳೆಯ ಕಥೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಇದು ತಂಡಗಳ ಕಪ್ಪಿನ ಕಥೆ ಅಲ್ಲ, ಅದಕ್ಕಿಂತ ಹಳೆಯದು. ಈ ಆಟ ಆಸ್ಟ್ರೇಲಿಯಾದಲ್ಲಿ 1920ರ ದಶಕದಲ್ಲಿ ರೂಪ ಪಡೆಯಿತು. 1928ರಲ್ಲಿ ಇಂಗ್ಲೆಂಡಿನ ಹೈ ಬೀಚ್‌ನಲ್ಲಿ ನಡೆದ ರೇಸ್ ನೋಡಲು ಜನ ಮುಗಿಬಿದ್ದರು. 1936ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಮೊದಲ ವೈಯಕ್ತಿಕ ವಿಶ್ವ ಫೈನಲ್. ಅವತ್ತು ಬ್ಲೂಯಿ ವಿಲ್ಕಿನ್ಸನ್ ಎಂಬ ಆಸ್ಟ್ರೇಲಿಯಾದ ಸವಾರ ತಮ್ಮ ಐದಕ್ಕೆ ಐದೂ ಹೀಟ್ ಗೆದ್ದರು. ಒಬ್ಬರೂ ಅವರನ್ನು ಸೋಲಿಸಲಿಲ್ಲ. ಆದರೂ ಚಾಂಪಿಯನ್ ಆಗಲಿಲ್ಲ! ಫೈನಲ್‌ಗೂ ಹಿಂದಿನ ಅರ್ಹತಾ ಸುತ್ತುಗಳಿಂದ ತಂದ ಬೋನಸ್ ಅಂಕಗಳನ್ನು ಕೂಡಿಸುವ ನಿಯಮ ಆಗ ಇತ್ತು. ಆ ಲೆಕ್ಕದಲ್ಲಿ ಲಯನಲ್ ವ್ಯಾನ್ ಪ್ರಾಗ್ ಮತ್ತು ಎರಿಕ್ ಲ್ಯಾಂಗ್ಟನ್ ಮುಂದಿದ್ದರು. ಅವರಿಬ್ಬರ ನಡುವೆ ಇನ್ನೊಂದು ರೇಸ್ ಆಗಿ ವ್ಯಾನ್ ಪ್ರಾಗ್ ಗೆದ್ದರು. ವಿಲ್ಕಿನ್ಸನ್‌ಗೆ ಪಟ್ಟ ಸಿಕ್ಕಿದ್ದು 1938ರಲ್ಲಿ. ಎಲ್ಲ ರೇಸ್ ಗೆದ್ದೂ ಸೋತವರಿಂದ ಈ ಆಟದ ವಿಶ್ವ ಫೈನಲ್‌ಗಳ ಇತಿಹಾಸ ಶುರುವಾಗುತ್ತದೆ ಅನ್ನುವುದನ್ನು ನಾನು ಮರೆಯುವುದೇ ಇಲ್ಲ. ಸ್ಪೀಡ್‌ವೇನಲ್ಲಿ ಕಣ್ಣಿಗೆ ಕಂಡದ್ದು ಒಂದು, ಪೆನ್ಸಿಲ್ ಲೆಕ್ಕ ಇನ್ನೊಂದು.

ಪೆನ್ಸಿಲ್ ಅಂದೆನಲ್ಲ, ಅದು ಸುಮ್ನೆ ಅಲ್ಲ. ಈ ಆಟದ ಅಭಿಮಾನಿಗಳು ಕೈಯಲ್ಲಿ ಚಾರ್ಟ್ ಹಿಡಿದು ಕೂರುತ್ತಾರೆ. ಪ್ರತಿ ಹೀಟ್ ಆದ ಮೇಲೆ ಅಂಕ ಬರೆದು ಕೂಡಿಸುತ್ತಾರೆ. ನಾನು ಕೂಡ ರೇಸ್ ನೋಡುವಾಗ ಹಾಳೆಯಲ್ಲಿ ನಾಲ್ಕು ಕಾಲಂ ಎಳೆದುಕೊಂಡೇ ಕೂರುವುದು. ಕೆಂಪು, ನೀಲಿ, ಬಿಳಿ, ಹಳದಿ. ಹೆಲ್ಮೆಟ್ಟಿನ ಮೇಲೆ ಹಾಕುವ ಬಣ್ಣಗಳು ಅವು. ನಾಲ್ಕು ದೇಶಗಳ ಪಂದ್ಯದಲ್ಲಿ ಒಂದೊಂದು ದೇಶಕ್ಕೆ ಒಂದೊಂದು ಬಣ್ಣ.

ತಂಡಗಳ ವಿಶ್ವ ಕಪ್ ಶುರುವಾಗಿದ್ದು 1960ರಲ್ಲಿ, ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ. ಗೆದ್ದದ್ದು ಸ್ವೀಡನ್. ಮರುವರ್ಷ ಪೋಲೆಂಡಿನ ವ್ರೊಟ್ಸ್ವಾಫ್‌ನಲ್ಲಿ ಪೋಲೆಂಡ್ ಗೆದ್ದಿತು. ಆ ಕಾಲದ ಸ್ವೀಡನ್ ತಂಡದ ದೊಡ್ಡ ಹೆಸರು ಒವೆ ಫುಂಡಿನ್. ಐದು ಸಲ ವೈಯಕ್ತಿಕ ವಿಶ್ವ ಚಾಂಪಿಯನ್. 2001ರಲ್ಲಿ ಈ ಟೂರ್ನಿ ಹೊಸ ರೂಪದಲ್ಲಿ ಸ್ಪೀಡ್‌ವೇ ವಿಶ್ವ ಕಪ್ ಆದಾಗ ಟ್ರೋಫಿಗೆ ಅವರದೇ ಹೆಸರಿಟ್ಟರು. ವೈಯಕ್ತಿಕ ಪಟ್ಟಗಳಿಗೆ ಹೆಸರಾದವರ ಹೆಸರು ತಂಡದ ಟ್ರೋಫಿಗೆ! ಇದು ತಪ್ಪೇನಲ್ಲ ಅಂತ ನನಗೆ ಅನಿಸುತ್ತದೆ. ಈ ಆಟದಲ್ಲಿ ಒಬ್ಬಂಟಿ ಸವಾರ ಮತ್ತು ತಂಡ ಬೇರೆ ಬೇರೆ ಅಲ್ಲ.

ಯಾಕೆ ಅಂತ ವಿವರಿಸುತ್ತೇನೆ. ಫುಟ್‌ಬಾಲ್‌ನಲ್ಲಿ ನಿಮ್ಮ ಪಕ್ಕದಲ್ಲಿ ನಿಮ್ಮವನೇ ಓಡುತ್ತಿರುತ್ತಾನೆ, ಚೆಂಡು ಕೊಡಬಹುದು. ಇಲ್ಲಿ ನಾಲ್ಕು ದೇಶಗಳ ಫೈನಲ್ ಅಂದರೆ ಪ್ರತಿ ಹೀಟ್‌ನಲ್ಲೂ ಒಂದು ದೇಶದಿಂದ ಒಬ್ಬನೇ. ಟ್ರ್ಯಾಕ್ ಮೇಲೆ ನಿಮ್ಮವರು ಯಾರೂ ಇಲ್ಲ. ಮೂವರೂ ಎದುರಾಳಿಗಳು. ಹಾಗಾದರೆ ತಂಡ ಎಲ್ಲಿದೆ? ಪಿಟ್‌ನಲ್ಲಿದೆ, ಅಂದರೆ ಬೈಕುಗಳನ್ನು ಸಿದ್ಧ ಮಾಡುವ ಜಾಗದಲ್ಲಿ. ಹೀಟ್ ಮುಗಿಸಿ ಬಂದವನು ಹೆಲ್ಮೆಟ್ ತೆಗೆಯುವ ಮೊದಲೇ ಮಾತು ಶುರು. ಒಳಗಿನ ಗೇಟ್‌ನಲ್ಲಿ, ಅಂದರೆ ಒಳಬದಿಯ ಶುರುವಿನ ಜಾಗದಲ್ಲಿ, ಚಕ್ರಕ್ಕೆ ಹಿಡಿತ ಸಿಗುತ್ತಿಲ್ಲ. ಎರಡನೆಯ ತಿರುವಿನಲ್ಲಿ ಮಣ್ಣು ಹೊರಗಡೆಗೆ ಹೋಗಿ ಗುಡ್ಡೆಯಾಗಿದೆ, ಅಲ್ಲಿ ಹೋದರೆ ಬೈಕು ಓಡುತ್ತದೆ. ಹಿಂದಿನ ಸ್ಪ್ರಾಕೆಟ್ ಒಂದು ಹಲ್ಲು ಬದಲಾಯಿಸು. ಮಣ್ಣಿನ ಟ್ರ್ಯಾಕ್ ಗಳಿಗೆಗೊಂದು ಥರ ಇರುತ್ತದೆ. ಕೆಲವು ಹೀಟ್ ಆದ ಮೇಲೆ ಟ್ರ್ಯಾಕ್ಟರ್ ಬಂದು ಮಣ್ಣು ಸಮ ಮಾಡುತ್ತದೆ, ನೀರು ಹಾಕುತ್ತಾರೆ. ಆಗ ಮತ್ತೆ ಎಲ್ಲ ಹೊಸದು. ಸೋತು ಬಂದವನು ಕೂಡ ಈ ಸುದ್ದಿ ತರುತ್ತಾನೆ. ಎಷ್ಟೋ ಸಲ ಸೋತವನಿಗೇ ಟ್ರ್ಯಾಕ್ ಬಗ್ಗೆ ಜಾಸ್ತಿ ಗೊತ್ತಿರುತ್ತದೆ, ಯಾಕೆಂದರೆ ಅವನು ಮುಂದೆ ಹೋಗಲು ಎಲ್ಲ ದಾರಿಯನ್ನೂ ಹುಡುಕಿರುತ್ತಾನೆ.

ಈಗ ಲೆಕ್ಕಕ್ಕೆ ಬನ್ನಿ. ಒಂದು ಹೀಟ್‌ನಲ್ಲಿ ಒಟ್ಟು 6 ಅಂಕ. ಇಪ್ಪತ್ತು ಹೀಟ್ ಅಂದರೆ 120. ನಾಲ್ಕು ತಂಡ ಹಂಚಿಕೊಂಡರೆ ಸರಾಸರಿ 30. ತಂಡದಲ್ಲಿ ನಾಲ್ವರು, ಒಬ್ಬೊಬ್ಬರಿಗೆ ಐದು ಹೀಟ್. ನಿಮ್ಮಲ್ಲಿ ಒಬ್ಬ ಮಹಾ ಸವಾರ ಇದ್ದಾನೆ, ಐದೂ ಗೆದ್ದು 15 ತಂದ ಅಂತ ಇಟ್ಟುಕೊಳ್ಳಿ. ಉಳಿದ ಮೂವರು ತಲಾ 5 ತಂದರು. ಒಟ್ಟು 30. ಅಂದರೆ ಬರೀ ಸರಾಸರಿ! ಜಗತ್ತಿನ ಅತಿ ದೊಡ್ಡ ಸವಾರ ಒಂದೂ ಹೀಟ್ ಸೋಲದೆ ಕೊಟ್ಟದ್ದು ನಿಮ್ಮನ್ನು ನಡುಮಧ್ಯದಲ್ಲಿ ನಿಲ್ಲಿಸಿತು ಅಷ್ಟೇ. ಇನ್ನೊಂದು ತಂಡದಲ್ಲಿ ಅಂಥವನು ಯಾರೂ ಇಲ್ಲ, ನಾಲ್ವರೂ ತಲಾ 9 ತಂದರು. 36. ಅವರು ಗೆದ್ದರು. 9 ಅಂದರೆ ಏನು? ನಾಲ್ಕು ಸಲ ಎರಡನೆಯ ಸ್ಥಾನ, ಒಂದು ಸಲ ಮೂರನೆಯ ಸ್ಥಾನ. ಒಂದೂ ಹೀಟ್ ಗೆಲ್ಲದೆ.

ಹಾಗಾಗಿ ಒಳ್ಳೆಯ ಮ್ಯಾನೇಜರ್‌ಗೆ ಭಯ ಇರುವುದು ಸೊನ್ನೆಯದು. ಸೋಲು ಬೇರೆ, ಸೊನ್ನೆ ಬೇರೆ. ಸೊನ್ನೆ ಬರುವ ದಾರಿಗಳೂ ಬಹಳ. ಶುರುವಿನಲ್ಲಿ ಸವಾರರ ಮುಂದೆ ಅಡ್ಡ ಕಟ್ಟಿರುವ ಟೇಪನ್ನು ಅದು ಏಳುವ ಮೊದಲೇ ಮುಟ್ಟಿದರೆ ಆ ಹೀಟ್‌ನಿಂದ ಹೊರಗೆ. ಎರಡು ನಿಮಿಷದ ಗಡುವಿನೊಳಗೆ ಗೇಟ್‌ಗೆ ಬರದಿದ್ದರೆ ಹೊರಗೆ. ಬಿದ್ದು ರೇಸ್ ನಿಲ್ಲುವಂತೆ ಮಾಡಿದರೆ ಹೊರಗೆ. ಸರಪಳಿ ತುಂಡಾದರೆ ಯಾರಿಗೆ ದೂರುವುದು?

ಇಲ್ಲಿ ಒಂದು ದೃಶ್ಯ ಹೇಳಬೇಕು. ಒಬ್ಬ ಬಿದ್ದು ಹೊರಗಾಗಿದ್ದಾನೆ, ಮೂವರು ಉಳಿದಿದ್ದಾರೆ. ಕೊನೆಯ ಸುತ್ತಿನ ಕೊನೆಯ ತಿರುವು. ಮೂರನೆಯವನ ಎಂಜಿನ್ ನಿಂತುಹೋಯಿತು. ಮುಂದಿನ ಇಬ್ಬರು ಗೆರೆ ದಾಟಿಯಾಯಿತು. ಇವನು ಏನು ಮಾಡುತ್ತಾನೆ? ಇಳಿದು ಬೈಕನ್ನು ತಳ್ಳಿಕೊಂಡು ಓಡುತ್ತಾನೆ. ನಿಯಮದ ಪ್ರಕಾರ ಬೈಕು ಕನಿಷ್ಠ 77 ಕಿಲೊ ಇರಬೇಕು. ಎಡಗಾಲಿಗೆ ಉಕ್ಕಿನ ತಟ್ಟೆ, ಮೈಮೇಲೆ ದಪ್ಪ ಸೂಟ್, ತಲೆಯ ಮೇಲೆ ಹೆಲ್ಮೆಟ್, ಕಾಲಡಿ ಸಡಿಲ ಮಣ್ಣು. ಯಾರೂ ಸಹಾಯ ಮಾಡುವಂತಿಲ್ಲ. ತಳ್ಳಿಕೊಂಡು ಬಂದು ಗೆರೆ ದಾಟಿದರೆ ಒಂದು ಅಂಕ. ಗೆದ್ದವನಿಗಿಂತ ಇವನಿಗೆ ಸ್ಟೇಡಿಯಂ ಜಾಸ್ತಿ ಕೂಗುತ್ತದೆ. ಸ್ಪೀಡ್‌ವೇ ಗೊತ್ತಿರುವ ಜನರಿಗೆ ಆ ಒಂದು ಅಂಕದ ಬೆಲೆ ಗೊತ್ತು.

ದೇಶದ ಪ್ರಶ್ನೆಯನ್ನು ಇಲ್ಲೇ ಎತ್ತಿಕೊಳ್ಳುತ್ತೇನೆ, ಯಾಕೆಂದರೆ ನನಗೆ ಅತಿ ಇಷ್ಟವಾದ ಫೈನಲ್ ಅದರಿಂದಲೇ ಹುಟ್ಟಿದ್ದು. 1960 ಮತ್ತು 70ರ ದಶಕದ ಶುರುವಿನಲ್ಲಿ ಗ್ರೇಟ್ ಬ್ರಿಟನ್ ತಂಡದ ಹೆಸರುಗಳನ್ನು ಓದಿ. ಐವನ್ ಮಾಗರ್, ಬ್ಯಾರಿ ಬ್ರಿಗ್ಸ್, ರೋನಿ ಮೂರ್. ಮೂವರೂ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಊರಿನಿಂದ ಬಂದವರು! ಇಂಗ್ಲೆಂಡಿನ ಲೀಗ್‌ನಲ್ಲಿ ಓಡಿಸುತ್ತಿದ್ದ ಕಾಮನ್‌ವೆಲ್ತ್ ಸವಾರರನ್ನೂ ಬ್ರಿಟನ್ ತಂಡಕ್ಕೆ ಸೇರಿಸಿಕೊಳ್ಳುತ್ತಿದ್ದರು. ಮೂರ್ 2, ಬ್ರಿಗ್ಸ್ 4, ಮಾಗರ್ 6. ಒಂದೇ ಊರಿನ ಮೂವರು ಒಟ್ಟು 12 ವೈಯಕ್ತಿಕ ವಿಶ್ವ ಪಟ್ಟ ಗೆದ್ದರು. ಭೂಮಿಯ ಆ ತುದಿಯ ಒಂದು ಊರು ಹೇಗೆ ಇಂಥ ಮೂವರನ್ನು ಕೊಟ್ಟಿತು ಅನ್ನುವುದರ ಬಗ್ಗೆಯೇ ಇನ್ನೊಂದು ಉಪನ್ಯಾಸ ಮಾಡಬಹುದು. ಇರಲಿ. 1974ರಿಂದ ಇಂಗ್ಲೆಂಡ್ ತನ್ನ ಹೆಸರಲ್ಲೇ ಇಳಿಯತೊಡಗಿತು. ಆಸ್ಟ್ರೇಲಿಯಾ ತನ್ನ ಬಲದ ಮೇಲೆ 1976ರಲ್ಲಿ ಲಂಡನ್ನಿನ ವೈಟ್ ಸಿಟಿಯಲ್ಲಿ ಗೆದ್ದಿತು.

ಆಮೇಲೆ 1979. ಮತ್ತೆ ವೈಟ್ ಸಿಟಿ. ನ್ಯೂಜಿಲೆಂಡ್ ತಂಡದಲ್ಲಿ ಮಾಗರ್ ಇದ್ದರು, ಆಗ ಅವರಿಗೆ 39 ವರ್ಷ. ಜೊತೆಗೆ ಲ್ಯಾರಿ ರಾಸ್, ಬ್ರೂಸ್ ಕ್ರಿಬ್, ಇಪ್ಪತ್ತರ ಆಸುಪಾಸಿನ ಹುಡುಗ ಮಿಚ್ ಶಿರಾ. ಆಗಲೇ ಹೇಳಿದ ಲೆಕ್ಕವನ್ನು ನೆನಪಿಸಿಕೊಳ್ಳಿ. ಮಾಗರ್ ಒಬ್ಬರೇ ಇದ್ದಿದ್ದರೆ ಅವರು ಎಲ್ಲ ಗೆದ್ದರೂ ಕಪ್ ಬರುತ್ತಿರಲಿಲ್ಲ. ಉಳಿದವರು ಎರಡು, ಒಂದು, ಎರಡು ಅಂತ ಕೂಡಿಸಿಕೊಟ್ಟರು. ನ್ಯೂಜಿಲೆಂಡ್ ವಿಶ್ವ ಚಾಂಪಿಯನ್ ಆಯಿತು. ಡೆನ್ಮಾರ್ಕ್, ಚೆಕೊಸ್ಲೊವಾಕಿಯಾ, ಪೋಲೆಂಡ್ ಮೂರನ್ನೂ ಹಿಂದೆ ಹಾಕಿ. ಅದೇ ವರ್ಷ ಮಾಗರ್ ಪೋಲೆಂಡಿನ ಹೊಝುಫ್‌ನಲ್ಲಿ ತಮ್ಮ ಆರನೆಯ ವೈಯಕ್ತಿಕ ಪಟ್ಟವನ್ನೂ ಗೆದ್ದರು. ಬೇರೆ ದೇಶದ ಬಣ್ಣ ಹಾಕಿ ಎಷ್ಟೋ ಗೆದ್ದಿದ್ದ ಮನುಷ್ಯ, 39ರಲ್ಲಿ ತನ್ನದೇ ದೇಶದ ಬಣ್ಣದಲ್ಲಿ ಗೆದ್ದದ್ದು. ಆ ದೇಶ ಈ ಕಪ್ ಗೆದ್ದದ್ದು ಅದೊಂದೇ ಸಲ.

ಎಂಬತ್ತರ ದಶಕ ಡೆನ್ಮಾರ್ಕ್‌ನದು. 1978ರಲ್ಲಿ ಓಲೆ ಓಲ್ಸೆನ್ ಕಾಲದಲ್ಲಿ ಮೊದಲ ಗೆಲುವು, 1981ರಲ್ಲಿ ಇನ್ನೊಂದು. 1983ರಿಂದ 1988ರವರೆಗೆ ಸತತವಾಗಿ ಆರು. ಹಾನ್ಸ್ ನೀಲ್ಸನ್, ಎರಿಕ್ ಗುಂಡರ್ಸನ್ ಇಬ್ಬರೂ ಒಂದೇ ತಂಡದಲ್ಲಿ. ವೈಯಕ್ತಿಕ ಪಟ್ಟಕ್ಕೆ ಇವರಿಬ್ಬರೇ ಒಬ್ಬರಿಗೊಬ್ಬರು ಎದುರಾಳಿ. ತಂಡದ ದಿನ ಒಂದೇ ಪಿಟ್, ಒಂದೇ ಬಣ್ಣ.

1989ರ ಫೈನಲ್ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ, ಓಡ್ಸಲ್ ಸ್ಟೇಡಿಯಂ. ಮೊದಲ ಹೀಟ್, ಮೊದಲ ತಿರುವು. ನಾಲ್ವರೂ ಬಿದ್ದರು. ಗುಂಡರ್ಸನ್ ಮೂರು ಸಲದ ವಿಶ್ವ ಚಾಂಪಿಯನ್, ಮೂವತ್ತು ಇನ್ನೂ ತುಂಬಿರಲಿಲ್ಲ. ಅವರ ಪ್ರಾಣಕ್ಕೇ ಅಪಾಯವಾಗುವಷ್ಟು ಪೆಟ್ಟಾಯಿತು. ಬದುಕಿದರು. ದೊಡ್ಡ ಹೋರಾಟದ ನಂತರ ಮತ್ತೆ ನಡೆದರು. ಆದರೆ ರೇಸ್ ಬೈಕ್ ಹತ್ತುವುದು ಅಲ್ಲಿಗೆ ಮುಗಿಯಿತು. ಅವತ್ತು ಇಂಗ್ಲೆಂಡ್ ಗೆದ್ದಿತು. ಗೆದ್ದವರ ಮುಖದ ಮೇಲೂ ಸಂತೋಷ ಬರುವುದು ಹೇಗೆ ಸಾಧ್ಯ? ಎದುರಾಳಿ ಅಂದರೆ ಇಲ್ಲಿ ದೂರದವನಲ್ಲ. ಇಂಗ್ಲೆಂಡಿನ ಲೀಗ್‌ನಲ್ಲಿ ವಾರವಾರ ಜೊತೆಗೆ ಓಡಿಸುವವನು, ಒಂದೇ ಪಿಟ್‌ನಲ್ಲಿ ಕೂತು ಚಹಾ ಕುಡಿದವನು. ನಂತರದ ವರ್ಷಗಳಲ್ಲಿ ತಿರುವುಗಳಲ್ಲಿ ಗಾಳಿ ತುಂಬಿದ ಬೇಲಿ ಬಂತು. ಆದರೂ ಈ ಆಟ ಅಪಾಯದ್ದೇ. ನಾನು ಅಂಕಗಳ ಬಗ್ಗೆ ಇಷ್ಟು ಉತ್ಸಾಹದಿಂದ ಮಾತಾಡುವಾಗ, ಆ ಅಂಕಗಳ ಹಿಂದೆ ಮೂಳೆ, ಬೆನ್ನುಹುರಿ ಇವೆ ಅನ್ನುವುದು ನನಗೂ ನಿಮಗೂ ನೆನಪಿರಬೇಕು.

ಆ ಗೆಲುವಿನ ನಂತರ ಇಂಗ್ಲೆಂಡಿಗೆ, ಮತ್ತೆ ಗ್ರೇಟ್ ಬ್ರಿಟನ್ ಅಂತ ಇಳಿಯತೊಡಗಿದ ಆ ತಂಡಕ್ಕೆ, ಬಹಳ ವರ್ಷ ಚಿನ್ನ ಸಿಗಲಿಲ್ಲ. ಎಷ್ಟು ಹತ್ತಿರ ಬಂದು ಸಿಗಲಿಲ್ಲ ಅನ್ನುವುದೇ ಕಥೆ. 2000ದ ಫೈನಲ್ ಕವೆಂಟ್ರಿಯಲ್ಲಿ, ಅಂದರೆ ಮನೆಯಂಗಳದಲ್ಲೇ. ಎಲ್ಲ ಹೀಟ್ ಮುಗಿದಾಗ ಸ್ವೀಡನ್ ಮತ್ತು ಇಂಗ್ಲೆಂಡ್ ಅಂಕ ಸಮ. ಇಡೀ ಟೂರ್ನಿ ಒಂದು ರನ್-ಆಫ್ ರೇಸ್‌ಗೆ ಬಂದು ನಿಂತಿತು. ಗೆದ್ದದ್ದು ಸ್ವೀಡನ್. ನಾನು ಅದರ ಚಾರ್ಟ್ ಇಟ್ಟುಕೊಂಡು ಯೋಚಿಸುವುದು ಆ ರನ್-ಆಫ್ ಬಗ್ಗೆ ಅಲ್ಲ. ಅದಕ್ಕೂ ಮೊದಲು, ಆ ಸಂಜೆ ಯಾರೋ ಒಬ್ಬ ನಾಲ್ಕನೆಯವನಾಗಿ ಬಂದ ಹೀಟ್ ಇದೆಯಲ್ಲ, ಅದರ ಬಗ್ಗೆ. ಅವನು ಒಬ್ಬನನ್ನು, ಒಬ್ಬನನ್ನಷ್ಟೇ ದಾಟಿದ್ದರೆ ರನ್-ಆಫ್ ಬೇಕಾಗಿಯೇ ಇರಲಿಲ್ಲ.

2004. ಮತ್ತೆ ಇಂಗ್ಲೆಂಡಿನಲ್ಲೇ, ಈ ಸಲ ಪೂಲ್‌ನಲ್ಲಿ. ಆಗ ಒಂದು ತಂಡಕ್ಕೆ ಐವರು ಸವಾರರು, ಇಪ್ಪತ್ತೈದು ಹೀಟ್. ಹಿಂದೆ ಬಿದ್ದ ತಂಡ ಒಬ್ಬನನ್ನು ಜೋಕರ್ ಆಗಿ ಇಳಿಸಬಹುದಿತ್ತು. ಅವನ ಅಂಕ ಎರಡು ಪಟ್ಟು. ಗೆದ್ದರೆ 3ರ ಬದಲು 6. ಈ ಜೋಕರ್ ನಿಯಮವನ್ನು ಬೈಯುವವರು ಬಹಳ ಜನ ಇದ್ದರು. ಹಿಂದೆ ಬಿದ್ದವನಿಗೆ ಬಹುಮಾನ ಕೊಟ್ಟಂತಾಯಿತು ಅನ್ನುವುದು ಅವರ ವಾದ. ಆ ವಾದ ನನಗೂ ಸರಿ ಅನಿಸುತ್ತದೆ. ಒಂದೇ ಕಷ್ಟಕ್ಕೆ ಒಬ್ಬನಿಗೆ 3, ಇನ್ನೊಬ್ಬನಿಗೆ 6 ಕೊಡಬಾರದು. ಪೂಲ್‌ನಲ್ಲಿ ಕೊನೆಗೆ ಬಂದ ಅಂಕಗಳು ಹೀಗಿದ್ದವು: ಸ್ವೀಡನ್ 49, ಗ್ರೇಟ್ ಬ್ರಿಟನ್ 48. ಇಪ್ಪತ್ತೈದು ನಿಮಿಷದ ರೇಸ್, ಒಂದು ಅಂಕದ ಅಂತರ.

ಹೀಗೆ ಒಂದು ಅಂಕಕ್ಕೆ ಸೋತದ್ದು ಬ್ರಿಟನ್ ಮಾತ್ರ ಅಲ್ಲ. 2014ರಲ್ಲಿ ಪೋಲೆಂಡಿನ ಬಿಡ್ಗೋಶ್ಚ್‌ನಲ್ಲಿ ಡೆನ್ಮಾರ್ಕ್ 38, ಪೋಲೆಂಡ್ 37. ಪೋಲೆಂಡಿನ ನೆಲದಲ್ಲಿ, ಪೋಲೆಂಡಿನ ಜನ ತುಂಬಿದ ಸ್ಟೇಡಿಯಂನಲ್ಲಿ.

ಪೋಲೆಂಡ್ ಅಂದಮೇಲೆ ಸ್ವಲ್ಪ ಅಲ್ಲಿ ನಿಲ್ಲಬೇಕು. ಅಲ್ಲಿ ಈ ಆಟದ ಹೆಸರು ಝುಝೆಲ್. ಆ ಪದದ ಅರ್ಥ ಕಲ್ಲಿದ್ದಲು ಉರಿದು ಉಳಿದ ಕಿಟ್ಟ. ಮೊದಲು ಟ್ರ್ಯಾಕ್‌ಗೆ ಹಾಸುತ್ತಿದ್ದದ್ದು ಅದನ್ನೇ, ಹೆಸರು ಆಟಕ್ಕೇ ಅಂಟಿಕೊಂಡಿತು. ವ್ರೊಟ್ಸ್ವಾಫ್, ಲೆಶ್ನೊ, ಗೊಝುಫ್, ಟೊರುನ್ ಊರುಗಳಲ್ಲಿ ಲೀಗ್ ಪಂದ್ಯಕ್ಕೇ ಸ್ಟೇಡಿಯಂ ತುಂಬುತ್ತದೆ. 2001ರಿಂದ 2023ರವರೆಗೆ ಸ್ಪೀಡ್‌ವೇ ವಿಶ್ವ ಕಪ್ 18 ಸಲ ನಡೆದಿದೆ. ಪೋಲೆಂಡ್ 9 ಸಲ ಗೆದ್ದಿದೆ. ಸರಿಯಾಗಿ ಅರ್ಧ. ಡೆನ್ಮಾರ್ಕ್ 4, ಸ್ವೀಡನ್ 3, ಆಸ್ಟ್ರೇಲಿಯಾ 2. ಆದರೆ ಇದರಲ್ಲಿ ಒಂದು ವಿಶೇಷ ಇದೆ. ಪೋಲೆಂಡ್ ಈ ಕಪ್‌ಗಳನ್ನು ಗೆಲ್ಲಲು ಶುರು ಮಾಡಿದಾಗ ಅದರ ಹತ್ತಿರ ಹಾಲಿ ವೈಯಕ್ತಿಕ ಚಾಂಪಿಯನ್ ಯಾರೂ ಇರಲಿಲ್ಲ. 1973ರಲ್ಲಿ ಯೆಝಿ ಶ್ಚಾಕ್ಯೆಲ್ ಗೆದ್ದಿದ್ದು ಬಿಟ್ಟರೆ, 2010ರಲ್ಲಿ ಟೊಮಾಶ್ ಗೊಲ್ಲೊಬ್ ಗೆಲ್ಲುವವರೆಗೆ 37 ವರ್ಷ ಇನ್ನೊಬ್ಬ ಪೋಲಿಷ್ ವಿಶ್ವ ಚಾಂಪಿಯನ್ ಇಲ್ಲ. ಆದರೂ 2005, 2007, 2009ರಲ್ಲಿ ತಂಡದ ಕಪ್ ಅವರದು. ನಾಲ್ಕನೆಯ, ಐದನೆಯ ಸವಾರ ಕೂಡ ಸೊನ್ನೆ ತರದ ತಂಡ ಅದು. ಈಗ ಬಾರ್ತೊಶ್ ಝ್ಮಾರ್ಜ್‌ಲಿಕ್ ಅಂಥವರು ಬಂದಮೇಲೆ ಎರಡೂ ಅವರ ಹತ್ತಿರ ಇದೆ, ಅದು ಬೇರೆ ಮಾತು.

ಪೋಲೆಂಡಿನ ಈ ಬಲವೇ ಕಪ್‌ಗೆ ಒಂದು ಕಷ್ಟವೂ ಆಯಿತು. ನಾಲ್ಕೈದು ಒಳ್ಳೆಯ ಸವಾರರನ್ನು ಒಟ್ಟಿಗೆ ಇಳಿಸಬಲ್ಲ ದೇಶಗಳು ಬೆರಳೆಣಿಕೆಯಷ್ಟು. 2018ರಿಂದ ಕೆಲವು ವರ್ಷ ವಿಶ್ವ ಕಪ್ ನಿಲ್ಲಿಸಿ ಸ್ಪೀಡ್‌ವೇ ಆಫ್ ನೇಷನ್ಸ್ ಅಂತ ಜೋಡಿಗಳ ಟೂರ್ನಿ ತಂದರು. ದೇಶಕ್ಕೆ ಇಬ್ಬರು ಮುಖ್ಯ ಸವಾರರು, ಜೊತೆಗೆ 21 ದಾಟದ ಒಬ್ಬ ಹುಡುಗ. ಒಂದು ಹೀಟ್‌ನಲ್ಲಿ ಎರಡು ದೇಶ, ಇಬ್ಬರಿಗೆ ಇಬ್ಬರು. ಆಟದ ಸ್ವಭಾವವೇ ಬದಲಾಯಿತು. ಈಗ ಟ್ರ್ಯಾಕ್ ಮೇಲೆ ನಿಮ್ಮವನು ಇದ್ದಾನೆ. ಮುಂದೆ ಇರುವವನು ಸುಮ್ಮನೆ ಓಡಿಹೋಗುವ ಬದಲು ಹಿಂತಿರುಗಿ ನೋಡುತ್ತಾನೆ. ಜೊತೆಗಾರ ಎಲ್ಲಿದ್ದಾನೆ? ಸ್ವಲ್ಪ ನಿಧಾನ ಮಾಡಿ, ಹೊರಗಡೆಯ ದಾರಿ ಮುಚ್ಚಿ, ಜೊತೆಗಾರನನ್ನು ಒಳಗಿನಿಂದ ಕರೆದುಕೊಂಡು ಹೋಗುತ್ತಾನೆ. ನೂರು ಕಿಲೋಮೀಟರ್ ವೇಗದಲ್ಲಿ, ಬ್ರೇಕ್ ಇಲ್ಲದೆ, ಇನ್ನೊಬ್ಬನಿಗಾಗಿ ಜಾಗ ಮಾಡಿಕೊಡುವುದು. ಈ ಆಟದಲ್ಲಿ ಅದಕ್ಕಿಂತ ಚೆಂದದ ದೃಶ್ಯ ನನಗೆ ಗೊತ್ತಿಲ್ಲ.

2018ರ ಮೊದಲ ಫೈನಲ್ ವ್ರೊಟ್ಸ್ವಾಫ್‌ನಲ್ಲಿ. ಕೊನೆಯ ಹೀಟ್ ರಷ್ಯಾ ಮತ್ತು ಗ್ರೇಟ್ ಬ್ರಿಟನ್ ನಡುವೆ. ರಷ್ಯಾದ ಆರ್ಟೆಮ್ ಲಗೂಟಾ ಮೊದಲು ಬಂದರು. ಅವರ ಹಿಂದೆ ಬ್ರಿಟನ್ನಿನ ಇಬ್ಬರು, ಟಾಯ್ ವುಫಿಂಡೆನ್ ಮತ್ತು ರಾಬರ್ಟ್ ಲ್ಯಾಂಬರ್ಟ್. ರಷ್ಯಾದ ಇನ್ನೊಬ್ಬ ಕೊನೆಗೆ. ಕೂಡಿಸಿ ನೋಡಿ. 3 ಮತ್ತು 0 ಒಂದು ಕಡೆ. 2 ಮತ್ತು 1 ಇನ್ನೊಂದು ಕಡೆ. 3-3, ಸಮ. ಮೊದಲು ಬಂದವನ ದೇಶಕ್ಕೆ ಚಿನ್ನ ಅನ್ನುವ ನಿಯಮದ ಮೇಲೆ ರಷ್ಯಾ ಗೆದ್ದಿತು. ಬ್ರಿಟನ್ ಮತ್ತೆ ಸೋತಿತು, ಒಂದು ಅಂಕವೂ ಕಡಿಮೆ ಇಲ್ಲದೆ.

ಒಬ್ಬನೇ ಮುಂದೆ ಓಡಿಹೋದರೆ ಅದು ತಂಡದ ಗೆಲುವೇ? ಈ ಪ್ರಶ್ನೆಗೆ ಟೂರ್ನಿಯವರು ಮುಂದೆ ಅಂಕಗಳನ್ನೇ ಬದಲಾಯಿಸಿ ಉತ್ತರ ಕೊಟ್ಟರು. 3-2-1-0 ಬದಲು 4-3-2-0. ಈಗ ಮತ್ತೆ ಕೂಡಿಸಿ. ಮೊದಲ ಮತ್ತು ಕೊನೆಯ ಸ್ಥಾನ ಅಂದರೆ 4. ಎರಡು ಮತ್ತು ಮೂರನೆಯ ಸ್ಥಾನ ಅಂದರೆ 5. ಮೂರನೆಯವನ ಬೆಲೆ ಎರಡಾಯಿತು. ನಾನು ಇಷ್ಟು ಹೊತ್ತು ಹೇಳುತ್ತಿರುವುದನ್ನು ಅವರು ನಿಯಮದಲ್ಲೇ ಬರೆದುಬಿಟ್ಟರು. ಆ ಬದಲಾವಣೆ ಓದಿದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

2021ರಲ್ಲಿ ಮ್ಯಾಂಚೆಸ್ಟರ್. ಕೊನೆಯ ಹೀಟ್‌ನಲ್ಲಿ ಬ್ರಿಟನ್ ಎದುರಿಗೆ ಪೋಲೆಂಡ್. ಲ್ಯಾಂಬರ್ಟ್ ಮತ್ತು ಡ್ಯಾನ್ ಬ್ಯೂಲಿ, ಹುಡುಗರ ಜಾಗದಲ್ಲಿ ಟಾಮ್ ಬ್ರೆನನ್. ಗೆದ್ದರು. ಬ್ರಾಡ್‌ಫರ್ಡ್‌ನ ಆ ದುಃಖದ ದಿನದ ನಂತರ 32 ವರ್ಷಕ್ಕೆ. 2024ರಲ್ಲಿ ಅದೇ ಮ್ಯಾಂಚೆಸ್ಟರ್‌ನಲ್ಲಿ ಮತ್ತೊಮ್ಮೆ. ನಡುವೆ 2023ರಲ್ಲಿ ನಾಲ್ಕು ದೇಶಗಳ ಹಳೆಯ ವಿಶ್ವ ಕಪ್ ಕೂಡ ವಾಪಸ್ ಬಂತು, ಇನ್ನು ಮೂರು ವರ್ಷಕ್ಕೊಮ್ಮೆ ಅಂತ. ವ್ರೊಟ್ಸ್ವಾಫ್‌ನಲ್ಲಿ ಪೋಲೆಂಡ್ ಗೆದ್ದಿತು. ಎರಡೂ ರೂಪ ಉಳಿಯಲಿ ಅನ್ನುವುದು ನನ್ನ ಆಸೆ. ಜೋಡಿಯಲ್ಲಿ ಜೊತೆಗಾರನ ಆಟ ಕಾಣುತ್ತದೆ, ನಾಲ್ಕು ದೇಶಗಳ ಪಂದ್ಯದಲ್ಲಿ ಒಬ್ಬಂಟಿಯಾಗಿ ನಿಂತು ತಂಡಕ್ಕಾಗಿ ಆಡುವುದು ಕಾಣುತ್ತದೆ.

ಮಾತು ಮುಗಿಸುವ ಮುಂಚೆ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು, ಬ್ರೇಕ್ ಇಲ್ಲ ಅಂದಿರಿ, ಹಾಗಾದರೆ ರೇಸ್ ಮುಗಿದ ಮೇಲೆ ನಿಲ್ಲಿಸುವುದು ಹೇಗೆ ಅಂತ. ಒಳ್ಳೆಯ ಪ್ರಶ್ನೆ. ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಹಿಂದಿನ ಚಕ್ರವನ್ನು ಹಿಡಿದುಕೊಳ್ಳುತ್ತದೆ. ಆದರೂ ತಕ್ಷಣ ನಿಲ್ಲುವುದಿಲ್ಲ. ಗೆರೆ ದಾಟಿದ ಮೇಲೂ ನಾಲ್ವರೂ ನಿಧಾನವಾಗಿ ಇನ್ನೊಂದು ಸುತ್ತು ಉರುಳಿಕೊಂಡು ಬರುತ್ತಾರೆ. ಟಿವಿಯವರು ಗೆದ್ದವನನ್ನು ತೋರಿಸುತ್ತಾರೆ, ಅವನು ಒಂದು ಕೈ ಎತ್ತಿರುತ್ತಾನೆ. ನೀವು ಅವನ ಹಿಂದೆ ನೋಡಿ. ಮೂರನೆಯವನು ಮಣ್ಣು ಮೆತ್ತಿದ ಕನ್ನಡಕ ಮೇಲೆತ್ತಿಕೊಂಡು ಪಿಟ್‌ನ ಬೇಲಿಯ ಕಡೆ ನೋಡುತ್ತಿರುತ್ತಾನೆ. ಅಲ್ಲಿ ಅವನ ತಂಡದವರು ಬೇಲಿಯ ಮೇಲೆ ಬಾಗಿ ನಿಂತಿರುತ್ತಾರೆ. ಅವರಲ್ಲಿ ಒಬ್ಬ ಒಂದು ಬೆರಳು ಎತ್ತಿ ತೋರಿಸುತ್ತಾನೆ.